ಸಂಜೆ ಮಾತ್ರ ಇಳಿಯುವ ಆಯಿಲ್ ಪ್ರೆಷರ್: ಹಳೆಯ ಡೀಸೆಲ್ ಜೀಪೊಂದರ ಪ್ರಕರಣ

ಗಾಡಿ ಮತ್ತು ಅದರ ಮೀಟರು

ಇದು 1990ರ ದಶಕದ ಡೀಸೆಲ್ ಜೀಪು. ನಾಲ್ಕು ಸಿಲಿಂಡರ್, 12 ವೋಲ್ಟ್ ಬ್ಯಾಟರಿ, ಷಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ. ಬೆಂಗಳೂರಿನ ಜಯನಗರದ ಕಡೆಯಿಂದ ವೈಟ್‌ಫೀಲ್ಡಿಗೆ ವಾರಕ್ಕೆ ನಾಲ್ಕೈದು ದಿನ ಓಡಾಡುತ್ತಿತ್ತು. ಬೆಳಿಗ್ಗೆ ಏಳಕ್ಕೆ ಮುಂಚೆ ಹೊರಟರೆ ರಸ್ತೆ ಹೆಚ್ಚುಕಡಿಮೆ ಖಾಲಿ. ಸಂಜೆ ವಾಪಸು ಬರುವಾಗ ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಫಸ್ಟ್ ಗೇರು, ಸೆಕೆಂಡ್ ಗೇರು, ನ್ಯೂಟ್ರಲ್. ಬೆಳಗಿಗೂ ಸಂಜೆಗೂ ಇರುವ ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಪ್ರಕರಣದ ಗಂಟು ಬಿದ್ದದ್ದೂ ಬಿಚ್ಚಿದ್ದೂ ಅಲ್ಲೇ. ಮಾಲೀಕರು ಯಾರು, ಗ್ಯಾರೇಜು ಯಾವುದು, ಗಾಡಿ ಯಾವ ಕಂಪನಿಯದು ಎಂದು ಇಲ್ಲಿ ಹೇಳಿಲ್ಲ. ಕಲಿಯುವುದಕ್ಕೆ ಅದು ಬೇಕಾಗಿಯೂ ಇಲ್ಲ.

ಡ್ಯಾಷ್‌ಬೋರ್ಡಿನಲ್ಲಿ 0ಯಿಂದ 5 ಬಾರ್ ತೋರಿಸುವ ಎಲೆಕ್ಟ್ರಿಕ್ ಆಯಿಲ್ ಮೀಟರ್ ಇತ್ತು. ಬಾರ್, ಪಿಎಸ್‌ಐ ಎರಡೂ ಒತ್ತಡದ ಅಳತೆಗಳು; ಒಂದು ಬಾರ್ ಎಂದರೆ 14.5 ಪಿಎಸ್‌ಐ, ನಮ್ಮಲ್ಲಿನ ಹಳೆಯ ಮೀಟರುಗಳ ಮೇಲೆ ಇರುವ ಕೆಜಿ ಲೆಕ್ಕವೂ ಹತ್ತಿರ ಹತ್ತಿರ ಅಷ್ಟೇ. ಇಂಥ ಮೀಟರಿಗೆ ಆಯಿಲ್ ತಲುಪುವುದೇ ಇಲ್ಲ. ಆಯಿಲ್ ಫಿಲ್ಟರ್ ಪಕ್ಕ ಇಂಜಿನ್ ಬ್ಲಾಕಿಗೆ ತಿರುಗಿಸಿದ ಡಬ್ಬಿಯಾಕಾರದ ಸೆಂಡರ್ ಇರುತ್ತದೆ. ಅದರೊಳಗಿನ ತೆಳುವಾದ ತಗಡು ಒತ್ತಡಕ್ಕೆ ಉಬ್ಬಿ, ಒಂದು ಕಡ್ಡಿಯನ್ನು ರೆಸಿಸ್ಟೆನ್ಸ್ ತಂತಿಯ ಮೇಲೆ ಸರಿಸುತ್ತದೆ. ಈ ಗಾಡಿಯಲ್ಲಿದ್ದದ್ದು ಯುರೋಪಿನ ಮಾದರಿ: ಒತ್ತಡ ಸೊನ್ನೆ ಇದ್ದಾಗ ಸುಮಾರು 10 ಓಮ್, ಒಂದು ಬಾರ್‌ಗೆ ಸುಮಾರು 45ರಿಂದ 50, ಪೂರ್ತಿ ಒತ್ತಡಕ್ಕೆ ಸುಮಾರು 180 ಓಮ್. ಸೆಂಡರಿನಲ್ಲಿ ಎರಡು ಟರ್ಮಿನಲ್: ಮೀಟರಿಗೆ ಹೋಗುವುದು ಒಂದು, ಕೆಂಪು ದೀಪಕ್ಕೆ ಹೋಗುವುದು ಇನ್ನೊಂದು. ಅರ್ಥಿಂಗಿಗೆ, ಅಂದರೆ ಕರೆಂಟು ಬ್ಯಾಟರಿಗೆ ವಾಪಸು ಹೋಗುವ ದಾರಿಗೆ, ಬೇರೆ ತಂತಿಯಿಲ್ಲ. ಸೆಂಡರಿನ ಲೋಹದ ಮೈ, ಅದರ ಥ್ರೆಡ್, ಬ್ಲಾಕು ಇವೇ ಅರ್ಥಿಂಗು.

ದೂರು

ಬೆಳಿಗ್ಗೆ ಮುಳ್ಳು ಸರಿಯಾಗಿ ನಿಲ್ಲುತ್ತಿತ್ತು, ಓಟದಲ್ಲಿ ಮೂರರ ಮೇಲೆ, ಐಡಲ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಒಂದೂವರೆ. ಸಂಜೆ ಸಿಗ್ನಲ್ಲಿನಲ್ಲಿ ನಿಂತಾಗ ಅರ್ಧ ಬಾರ್‌ಗಿಂತ ಕೆಳಗೆ ಜಾರಿ, ಸೊನ್ನೆಯ ಗೆರೆಗೆ ಒರಗಿಕೊಂಡಂತೆ ಕಾಣುತ್ತಿತ್ತು. ಮಳೆಗಾಲ ಶುರುವಾದ ಮೇಲೆ ಇದು ಇನ್ನೂ ಹೆಚ್ಚಾಯಿತು. ಕೆಂಪು ದೀಪ ಒಂದು ಸಲವೂ ಹತ್ತಲಿಲ್ಲ. ಇಂಜಿನ್ ಸದ್ದು ಬದಲಾಗಿರಲಿಲ್ಲ. ಆಯಿಲ್ ಮಟ್ಟ ಸರಿಯಿತ್ತು.

ಮಾಲೀಕರು ಮೊದಲ ದಿನವೇ ಇನ್ನೊಂದು ಮಾತು ಹೇಳಿದ್ದರು: ಇಂಡಿಕೇಟರ್ ಹಾಕಿದಾಗ ಮುಳ್ಳು ಅದರ ತಾಳಕ್ಕೆ ಸಣ್ಣಗೆ ಮಿಡಿಯುತ್ತದೆ ಎಂದು. ಕೇಳಿಸಿಕೊಂಡವರು ಅದನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಮುಂದಿನ ಎರಡು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ಮೊದಲ ಮೂರು ಪ್ರಯತ್ನಗಳು

ಮೊದಲ ಗ್ಯಾರೇಜಿನವರು ಆಯಿಲ್ ಬದಲಿಸಿದರು. 15ಡಬ್ಲ್ಯೂ-40 ಇದ್ದ ಕಡೆ 20ಡಬ್ಲ್ಯೂ-50 ಬಂತು. ಇದಕ್ಕೆ ಒಂದು ತರ್ಕ ಇದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ನೇ ಗ್ರೇಡಿನ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ದಪ್ಪ ಎಂಬುದರ ಅಳತೆ) ಒಳಗಿರಬೇಕು, 50ನೇ ಗ್ರೇಡಿನದು 16.3ರಿಂದ 21.9ರ ಒಳಗೆ. ದಪ್ಪ ಆಯಿಲ್ ಬೇರಿಂಗಿನ ಸಂದಿಯಿಂದ ನಿಧಾನವಾಗಿ ಸೋರುತ್ತದೆ, ಒತ್ತಡ ಸ್ವಲ್ಪ ಏರುತ್ತದೆ. ಇಲ್ಲೂ ಮುಳ್ಳು ಒಂದು ಕೂದಲೆಳೆ ಮೇಲೆ ನಿಂತಿತು. ಆದರೆ ಕಾರಣ ಗೊತ್ತಿಲ್ಲದೆ ದಪ್ಪ ಆಯಿಲ್ ಹಾಕುವುದು ಜ್ವರಕ್ಕೆ ಕಂಬಳಿ ಹೊದಿಸಿದ ಹಾಗೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಿನ ರಾಕರ್‌ವರೆಗೆ ಏರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಸವೆತ ಆಗುವುದು ಆ ಹೊತ್ತಿನಲ್ಲೇ. ಅದಕ್ಕಿಂತ ಮುಂಚೆ ಮಾಡಬೇಕಾಗಿದ್ದ ಕೆಲಸ ಒಂದೇ: ಡಿಪ್‌ಸ್ಟಿಕ್ ಎಳೆದು ಮೂಸುವುದು. ಡೀಸೆಲ್ ವಾಸನೆ ಬಂದರೆ, ಮಟ್ಟ ತಾನಾಗಿ ಏರಿದ್ದರೆ, ಇಂಧನ ಸೋರಿ ಆಯಿಲ್ ತೆಳ್ಳಗಾಗಿದೆ ಎಂದರ್ಥ. ಈ ಗಾಡಿಯಲ್ಲಿ ಆ ತೊಂದರೆ ಇರಲಿಲ್ಲ. ಇಲ್ಲವೆಂದು ತಿಳಿದದ್ದು ತಡವಾಗಿ.

ಎರಡನೆಯದು ಸೆಂಡರ್ ಬದಲಾವಣೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ನೋಡಲು ಹಾಗೇ ಇದ್ದ ಹೊಸ ಸೆಂಡರ್ ತಂದು ಕೂರಿಸಿದರು. ಮುಳ್ಳು ಬೆಳಿಗ್ಗೆಯೂ ಅರ್ಧಕ್ಕೆ ಇಳಿಯಿತು! ಓಟದಲ್ಲಿ ಒಂದೂವರೆ, ಐಡಲ್‌ನಲ್ಲಿ ಮುಕ್ಕಾಲು. ಹಳೆಯ ಸೆಂಡರ್ ಸುಳ್ಳು ಹೇಳುತ್ತಿತ್ತು, ಹೊಸದು ನಿಜ ಹೇಳುತ್ತಿದೆ ಎಂದು ಎಲ್ಲರೂ ನಂಬಿದರು. "ಬೇರಿಂಗ್ ಹೋಗಿದೆ ಸಾರ್, ಇಂಜಿನ್ ಬಿಚ್ಚಬೇಕು," ಎಂಬ ತೀರ್ಪು ಬಂತು. ಮೇನ್ ಬೇರಿಂಗ್, ಬಿಗ್ ಎಂಡ್ ಷೆಲ್, ಆಯಿಲ್ ಪಂಪ್, ಗ್ಯಾಸ್ಕೆಟ್ ಸೆಟ್ ಸೇರಿಸಿ ದೊಡ್ಡ ಅಂದಾಜು ಪಟ್ಟಿಯೂ ಸಿದ್ಧವಾಯಿತು.

ಆದದ್ದು ಇಷ್ಟು: ಹೊಸ ಸೆಂಡರ್ 10 ಬಾರ್‌ನದು, ಮೀಟರು 5 ಬಾರ್‌ನದು. ಎರಡೂ ಜಾತಿಯ ಸೆಂಡರ್ 10 ಓಮ್‌ನಿಂದ 180 ಓಮ್‌ಗೇ ಹೋಗುತ್ತವೆ, ಆದರೆ ಒಂದು 5 ಬಾರ್‌ಗೆ ಅಲ್ಲಿ ಮುಟ್ಟುತ್ತದೆ, ಇನ್ನೊಂದು 10 ಬಾರ್‌ಗೆ. ಇಂಜಿನ್‌ನಲ್ಲಿ 2 ಬಾರ್ ಇದ್ದಾಗ 10 ಬಾರ್ ಸೆಂಡರ್ ಸುಮಾರು 50 ಓಮ್ ಕೊಡುತ್ತದೆ. ಅದನ್ನು 5 ಬಾರ್ ಮೀಟರು 1 ಬಾರ್ ಎಂದು ಓದುತ್ತದೆ. ಓದಿಕೆ ಎಲ್ಲ ಹೊತ್ತಿನಲ್ಲೂ ಹೆಚ್ಚುಕಡಿಮೆ ಸರಿಯಾಗಿ ಅರ್ಧವಾಗಿದ್ದರೆ ಮೊದಲು ಸಂಶಯ ಪಡಬೇಕಾದದ್ದು ಇದನ್ನೇ. ಸೆಂಡರಿನ ಲೋಹದ ಮೈಮೇಲೆ, ಆರುಮೂಲೆಯ ಪಕ್ಕದಲ್ಲಿ, ಅದರ ಗರಿಷ್ಠ ಒತ್ತಡ ಮತ್ತು ದೀಪ ಹತ್ತುವ ಒತ್ತಡ ಸಾಮಾನ್ಯವಾಗಿ ಕೊರೆದಿರುತ್ತದೆ. ಗ್ರೀಸು ಒರೆಸಿ ಓದಬೇಕು.

ಪಟ್ಟಿ ನೋಡಿ ಮಾಲೀಕರು ಗಾಡಿಯನ್ನು ವಾಪಸು ತಂದರು. ಇಡೀ ಪ್ರಕರಣದಲ್ಲಿ ಹಣ ಉಳಿಸಿದ ಮೊದಲ ನಿರ್ಧಾರ ಅದು.

ಮೂರನೆಯ ಪ್ರಯತ್ನದಲ್ಲಿ ಬೇರೆಯವರು ಸರಿಯಾದ 5 ಬಾರ್ ಸೆಂಡರ್ ಹಾಕಿದರು. ಆದರೆ ಥ್ರೆಡ್ಡಿಗೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ನಾಲ್ಕೈದು ಸುತ್ತು ಸುತ್ತಿದರು. ಮುಳ್ಳು ಚೆನ್ನಾಗಿ ಮೇಲೇರಿತು. ಸಂಜೆಯೂ ಒಂದರ ಹತ್ತಿರ. ಮಾಲೀಕರಿಗೆ ನೆಮ್ಮದಿ. ಆ ನೆಮ್ಮದಿ ಮೂರು ವಾರಕ್ಕೆ ಮುಗಿಯಿತು, ಮುಳ್ಳು ಮೊದಲು ನಡುಗತೊಡಗಿ ಆಮೇಲೆ ಹಳೆಯ ಜಾಗಕ್ಕೇ ಇಳಿಯಿತು.

ಕಾರಣ ಇದು. ಸೆಂಡರಿಗೆ ಥ್ರೆಡ್ಡೇ ಅರ್ಥಿಂಗು ಎಂದೆವಲ್ಲ, ಟೇಪ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಅಲ್ಲಲ್ಲಿ ಹರಿದ ಕಡೆ ಮಾತ್ರ ಲೋಹ ಲೋಹಕ್ಕೆ ತಾಗುತ್ತದೆ. ಹೀಗೆ 15–20 ಓಮ್ ಹೆಚ್ಚಾಗಿ ಸೇರಿಕೊಂಡರೆ ಈ ಮಾದರಿಯ ಮೀಟರು ಸುಮಾರು ಅರ್ಧ ಬಾರ್ ಹೆಚ್ಚು ತೋರಿಸುತ್ತದೆ. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಹಾಕಿತ್ತು. ಅದುರಿ ಅದುರಿ ಟೇಪ್ ಹರಿದಂತೆ ಮುಚ್ಚಳ ತೆರೆಯಿತು. ರಿಪೇರಿಯಾದ ಕೂಡಲೇ ಓದಿಕೆ ನಿರೀಕ್ಷೆಗಿಂತಲೂ ಚೆನ್ನಾಗಿ ಬಂದರೆ ಸಂತೋಷಪಡುವ ಮೊದಲು ಯಾಕೆ ಎಂದು ಕೇಳಬೇಕು. ಸೋರುವ ಚಿಂತೆ ಇದ್ದರೆ ತಾಮ್ರದ ವಾಷರ್ ಸಾಕು. ಮೊನಚಾಗುತ್ತ ಹೋಗುವ ಥ್ರೆಡ್ ಆದರೆ ಸೀಲಿಂಗ್ ಪೇಸ್ಟನ್ನು ತುಸುವೇ ಸವರಿದರೆ ಸಾಕು.

ಇದರ ನಡುವೆ ರೇಡಿಯೇಟರ್ ತೊಳೆಸಿದ್ದೂ ಆಗಿತ್ತು, ಸಂಜೆ ಹೊತ್ತು ಟೆಂಪರೇಚರ್ ಮುಳ್ಳೂ ಮೇಲೇರುತ್ತಿದ್ದುದರಿಂದ. ಅದನ್ನು ಬೇರೆ ಕಾಯಿಲೆ ಎಂದು ಬೇರೆಯವರು ನೋಡಿದ್ದರು. ಎರಡು ದೂರು ಎರಡು ಬಿಲ್ಲಿನಲ್ಲಿ ಬರೆದಿದ್ದರಿಂದ ಎರಡನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಲಿಲ್ಲ.

ನಿಜವಾದ ಒತ್ತಡ ಅಳೆದದ್ದು

ತಿರುವು ಬಂದದ್ದು ನಾಲ್ಕನೆಯ ಕಡೆ. ಅಲ್ಲಿಯ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಂದು ಷರತ್ತು ಹಾಕಿದರು: ಆಯಿಲಿನ ಒತ್ತಡವನ್ನು ಆಯಿಲಿನಿಂದಲೇ ಅಳೆಯುವವರೆಗೆ ಏನನ್ನೂ ಬಿಚ್ಚುವುದಿಲ್ಲ. ಇದಕ್ಕೆ ಬೇಕಾದದ್ದು ಕರೆಂಟಿಲ್ಲದ ಮೆಕ್ಯಾನಿಕಲ್ ಗೇಜ್, 0ಯಿಂದ 10 ಬಾರ್‌ನದು, ಒತ್ತಡ ತಡೆಯುವ ರಬ್ಬರ್ ಹೋಸ್, ಮತ್ತು T ಆಕಾರದ ಹಿತ್ತಾಳೆಯ ಟೀ ಜಾಯಿಂಟ್. ಟೀ ಯಾಕೆಂದರೆ ಒಂದು ಬಾಯಿಗೆ ಗೇಜು, ಇನ್ನೊಂದಕ್ಕೆ ಗಾಡಿಯ ಸೆಂಡರ್ ಸೇರಿಸಿ, ಒಂದೇ ಒತ್ತಡವನ್ನು ಇಬ್ಬರೂ ಏನೆಂದು ಓದುತ್ತಾರೆ ಎಂದು ಪಕ್ಕಪಕ್ಕ ನೋಡಬಹುದು. ಸೆಂಡರನ್ನು ತೆಗೆದು ಗೇಜ್ ಹಾಕಿ, ಆಮೇಲೆ ಗೇಜ್ ತೆಗೆದು ಸೆಂಡರ್ ಹಾಕಿ ನೋಡಿದರೆ ಎರಡರ ನಡುವೆ ಆಯಿಲಿನ ಬಿಸಿ ಬದಲಾಗಿಬಿಟ್ಟಿರುತ್ತದೆ.

ಥ್ರೆಡ್ ವಿಷಯದಲ್ಲಿ ಇಲ್ಲಿ ಅವಸರ ಮಾಡಬಾರದು. 10 ಮಿ.ಮೀ. ಹತ್ತಿರದ ಮೂರು ಥ್ರೆಡ್ ಕಣ್ಣಿಗೆ ಒಂದೇ ತರಹ ಕಾಣುತ್ತವೆ: 1 ಮಿ.ಮೀ. ಪಿಚ್ಚಿನ (ಸುತ್ತಿನಿಂದ ಸುತ್ತಿಗೆ ಇರುವ ಅಂತರ) ಎಂ10, ಇಂಚಿಗೆ 28 ಸುತ್ತಿನ 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 27 ಸುತ್ತಿನ 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್). ಒಂದರ ತೂತಿಗೆ ಇನ್ನೊಂದು ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಬಲ ಬಿಟ್ಟರೆ ಬ್ಲಾಕಿನ ಥ್ರೆಡ್ ಹಾಳಾಗುತ್ತದೆ, ಅಲ್ಯುಮಿನಿಯಂ ಫಿಲ್ಟರ್ ಹೌಸಿಂಗ್ ಆದರೆ ಬಿರುಕೇ ಬಿಡಬಹುದು. ತೆಗೆದ ಸೆಂಡರಿನ ಪಕ್ಕಕ್ಕೆ ಪಿಚ್ ಗೇಜ್ ಹಿಡಿದು ನೋಡಿ, ಬೆರಳಿನಲ್ಲೇ ಸಲೀಸಾಗಿ ಹಿಡಿಯುವುದನ್ನು ಮಾತ್ರ ಹಾಕಬೇಕು.

ಇಂಜಿನ್ ತಣ್ಣಗಿದ್ದಾಗ ಟೀ ಕೂರಿಸಿದರು. ಟೀ ಜಾಯಿಂಟಿನಲ್ಲಿ ಅರ್ಥಿಂಗ್ ಕೈಕೊಡಬಾರದೆಂದು ಸೆಂಡರಿನ ಮೈಯಿಂದ ಬ್ಲಾಕಿನ ಬೋಲ್ಟಿಗೆ ಕ್ಲಿಪ್ ಹಾಕಿದ ತುಂಡು ತಂತಿ ಕಟ್ಟಿದರು. ಟೇಪಿನ ವಿಷಯವೂ ಅಲ್ಲಿಗೆ ಲೆಕ್ಕದಿಂದ ಹೊರಗಾಯಿತು. ಹೋಸನ್ನು ಫ್ಯಾನಿನಿಂದ, ಸೈಲೆನ್ಸರ್ ಪೈಪಿನಿಂದ ದೂರ ಎಳೆದು, ಗೇಜನ್ನು ಮುಂದಿನ ಗಾಜಿನ ಹೊರಗೆ ಒಳಗಿನಿಂದ ಕಾಣುವಂತೆ ಕಟ್ಟಿದರು. ಕುದಿಯುವಷ್ಟು ಬಿಸಿಯಾದ ಆಯಿಲ್ ಇರುವ ಹೋಸನ್ನು ಕ್ಯಾಬಿನ್ ಒಳಕ್ಕೆ ಯಾವತ್ತೂ ತರಬಾರದು. ಕಿತ್ತುಕೊಂಡರೆ ಓಡಿಸುವವರ ಕಾಲ ಮೇಲೇ ಸುರಿಯುತ್ತದೆ.

ಅರ್ಧ ಗಂಟೆ ಓಡಿಸಿ ಬಂದ ಮೇಲೆ ಸಿಕ್ಕ ಅಂಕಿಗಳು: ಬಿಸಿ ಐಡಲ್‌ನಲ್ಲಿ 1.2 ಬಾರ್, 2000 ಆರ್‌ಪಿಎಂನಲ್ಲಿ 3.1 ಬಾರ್. ಗಾಡಿಯ ಕೈಪಿಡಿಯ ಅಂಕಿಯೇ ಕೊನೆಯ ಮಾತು. ಅದು ಸಿಗದಿದ್ದರೆ ಬಿಸಿ ಇಂಜಿನ್ನಿಗೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ, ಅಂದರೆ 0.7 ಬಾರ್ ಎಂಬ ಗ್ಯಾರೇಜಿನ ಅಂದಾಜು ಇದೆ. ಆ ಲೆಕ್ಕದಲ್ಲಿ 2000ಕ್ಕೆ 1.4 ಸಾಕು, ಇಲ್ಲಿರುವುದು 3.1. ಬೇರಿಂಗ್ ಸವೆದಿದ್ದರೆ ಇಷ್ಟು ಬರುವುದು ಸಾಧ್ಯವೇ ಇಲ್ಲ, ಏಕೆಂದರೆ ಸಂದಿಯಿಂದ ಸೋರುವ ಆಯಿಲ್ ಸಂದಿಯ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಸಂದಿ ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ನಿಜವಾಗಿ ಸವೆದ ಇಂಜಿನ್ ಬಿಸಿಯಲ್ಲಿ ಇದನ್ನು ಬಚ್ಚಿಡಲಾರದು.

ಇಂಜಿನ್ ಬಿಚ್ಚುವ ಮಾತು ಅಲ್ಲಿಗೆ ನಿಂತಿತು. ಆದರೆ ಇನ್ನೊಂದು ಇಕ್ಕಟ್ಟು. ಅದೇ ಹೊತ್ತಿಗೆ ಡ್ಯಾಷ್‌ಬೋರ್ಡಿನ ಮೀಟರು ಐಡಲ್‌ನಲ್ಲಿ 1.1 ತೋರಿಸುತ್ತಿತ್ತು. ಅಂದರೆ ಅದೂ ಸರಿಯೇ! ಹಾಗಾದರೆ ಸಂಜೆ ಏನಾಗುತ್ತದೆ?

"ಸಂಜೆ ಏನೇನು ಹಾಕಿಕೊಂಡು ಓಡಿಸ್ತೀರಿ?"

ಎಲೆಕ್ಟ್ರಿಷಿಯನ್ ಮಾಲೀಕರನ್ನು ಕೇಳಿದ ಪ್ರಶ್ನೆ ಇದು: "ಸಾರ್, ಸಂಜೆ ಬರುವಾಗ ಏನೇನು ಆನ್ ಇರುತ್ತೆ, ಒಂದೊಂದಾಗಿ ಹೇಳಿ." ಲೈಟು, ಮಳೆ ಬಂದರೆ ವೈಪರ್, ಗಾಜು ಮಂಜಾಗದಂತೆ ಬ್ಲೋವರ್. "ಸಿಗ್ನಲ್ಲಲ್ಲಿ ಬ್ರೇಕ್ ಮೇಲೆ ಕಾಲು ಇರುತ್ತಲ್ಲ ಮೇಸ್ತ್ರೀ, ಅದೂ ಸೇರಿತಾ?" ಎಂದರು ಮಾಲೀಕರು. ಸೇರಿತು.

ಎಲ್ಲರೂ ಸಂಜೆಯನ್ನು ಬಿಸಿ ಎಂದು ಅರ್ಥ ಮಾಡಿಕೊಂಡಿದ್ದರು. ಟ್ರಾಫಿಕ್, ಕಾದ ಆಯಿಲ್, ಕಡಿಮೆ ಆರ್‌ಪಿಎಂ, ಆದ್ದರಿಂದ ಕಡಿಮೆ ಒತ್ತಡ. ತಪ್ಪೇನಲ್ಲ, ಬಿಸಿಯಲ್ಲಿ ಒತ್ತಡ ಇಳಿಯುವುದು ಸಹಜವೇ. ಆದರೆ ಸಂಜೆ ಎಂದರೆ ಕತ್ತಲೆ ಕೂಡ. ಬಿಸಿಯೂ ಲೈಟೂ ದಿನಾ ಒಟ್ಟೊಟ್ಟಿಗೇ ಬರುತ್ತಿದ್ದುದರಿಂದ ಯಾವುದರ ಕೆಲಸ ಯಾವುದೆಂದು ಬೇರ್ಪಡಲಿಲ್ಲ. ಗ್ಯಾರೇಜುಗಳು ಪರೀಕ್ಷೆ ಮಾಡುತ್ತಿದ್ದದ್ದು ಹಗಲಿನಲ್ಲಿ, ಲೈಟ್ ಆರಿಸಿ.

ಬಿಸಿ ಇಂಜಿನ್ ಐಡಲ್‌ನಲ್ಲೇ ಇರುವಂತೆ ಒಂದೊಂದೇ ಸ್ವಿಚ್ ಒತ್ತಿದರು. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿ ಬ್ಲಾಕಿನ ಬೋಲ್ಟಿಗೆ, ಕೆಂಪು ಕಡ್ಡಿ ಡ್ಯಾಷ್‌ಬೋರ್ಡಿನ ಮೀಟರಿನ ಅರ್ಥಿಂಗ್ ಸ್ಕ್ರೂಗೆ. ಎರಡೂ ಅರ್ಥಿಂಗೇ ಆದ್ದರಿಂದ ನಡುವೆ ಸೊನ್ನೆ ಇರಬೇಕು.

ಎಲ್ಲ ಆರಿದ್ದಾಗ 0.2 ವೋಲ್ಟ್. ಹೆಡ್‌ಲೈಟ್ ಹಾಕಿದಾಗ 1.0. ವೈಪರ್, ಬ್ಲೋವರ್ ಸೇರಿದಾಗ 1.6. ಬ್ರೇಕ್ ಒತ್ತಿದಾಗ 1.9. ಇದೇ ಕ್ರಮದಲ್ಲಿ ಡ್ಯಾಷ್‌ಬೋರ್ಡಿನ ಆಯಿಲ್ ಮುಳ್ಳು 1.1, 0.8, 0.6, 0.5. ಗಾಜಿನ ಹೊರಗೆ ಕಟ್ಟಿದ್ದ ಗೇಜ್ ಅಷ್ಟು ಹೊತ್ತೂ 1.2ರಲ್ಲೇ ಇತ್ತು, ಕದಲಲಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಬ್ರೇಕ್ ಪೆಡಲನ್ನು ಬರಿದೇ ಒತ್ತಿ ಬಿಟ್ಟು, ಒತ್ತಿ ಬಿಟ್ಟು ತೋರಿಸಿದರು. ಪ್ರತಿ ಸಲವೂ ಆಯಿಲ್ ಮುಳ್ಳು ತಲೆ ಬಾಗಿಸಿ ಎದ್ದಿತು, ಪಕ್ಕದ ಟೆಂಪರೇಚರ್ ಮುಳ್ಳು ಅದಕ್ಕೆ ಎದುರಾಗಿ ಮೇಲಕ್ಕೆ ಚಿಮ್ಮಿತು. ಬ್ರೇಕ್ ಲೈಟು ಹತ್ತಿದ್ದು ಇಂಜಿನ್ ಆಯಿಲಿಗೆ ಗೊತ್ತಾಗುವುದಕ್ಕೆ ದಾರಿಯೇ ಇಲ್ಲ. ರೇಡಿಯೇಟರ್ ನೀರು ಅರೆ ಸೆಕೆಂಡಿನಲ್ಲಿ ಕಾದು ಅರೆ ಸೆಕೆಂಡಿನಲ್ಲಿ ಆರುವುದೂ ಇಲ್ಲ.

ಯಾಕೆ ಹೀಗಾಗುತ್ತದೆ

ಈ ಜೀಪಿನಲ್ಲಿ ಬ್ಯಾಟರಿಯ ನೆಗೆಟಿವ್ ದಪ್ಪ ಕೇಬಲ್ ನೇರವಾಗಿ ಇಂಜಿನ್ನಿಗೆ ಹೋಗುತ್ತದೆ. ಸ್ಟಾರ್ಟರಿಗೆ ಅದೇ ದಾರಿ, ಆದ್ದರಿಂದ ಸ್ಟಾರ್ಟಿಂಗಿನಲ್ಲಿ ಎಂದೂ ತೊಂದರೆ ಬಂದಿರಲಿಲ್ಲ, ಅರ್ಥಿಂಗ್ ಮೇಲೆ ಸಂಶಯ ಬಾರದ್ದಕ್ಕೆ ಅದೂ ಒಂದು ಕಾರಣ. ಬಾಡಿ, ಷಾಸಿಯ ಮೇಲಿರುವ ಲೈಟು, ವೈಪರ್, ಬ್ಲೋವರ್‌ಗಳ ಕರೆಂಟು ವಾಪಸು ಇಂಜಿನ್ನಿಗೆ ಬರಬೇಕಾದರೆ ಷಾಸಿಯಿಂದ ಬ್ಲಾಕಿಗೆ ಇರುವ, ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೇ ಸೇತುವೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬೇರೆ ಒಳ್ಳೆಯ ದಾರಿಯಿಲ್ಲ.

ಆ ಸೇತುವೆ ಕೆಟ್ಟಾಗ ಬಾಡಿಯ ಅರ್ಥಿಂಗು ಬ್ಲಾಕಿನ ಅರ್ಥಿಂಗಿಗಿಂತ ಮೇಲಕ್ಕೆ ತೇಲುತ್ತದೆ. ಮೀಟರಿನೊಳಗೆ ಎರಡು ಕಾಯಿಲ್ ಇವೆ. ಮುಳ್ಳು ನಿಲ್ಲುವುದು ಅವೆರಡರ ಎಳೆದಾಟದ ನಡುವೆ. ಒಂದು ಬಾಡಿಯ ಅರ್ಥಿಂಗನ್ನು ನಂಬಿದೆ, ಇನ್ನೊಂದು ಸೆಂಡರ್ ಮೂಲಕ ಬ್ಲಾಕನ್ನು ನಂಬಿದೆ. ಬಾಡಿಯ ಕಡೆ ಒಂದೂವರೆ ವೋಲ್ಟ್ ತೇಲಿದರೆ ಆ ಕಾಯಿಲಿನ ಬಲ ಕುಗ್ಗುತ್ತದೆ, ಸೆಂಡರಿನ ಓಮ್ ಇಳಿದಾಗ ಆಗುವುದೂ ಅದೇ. ಮೀಟರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ಮಾದರಿಯ ಆಯಿಲ್ ಸೆಂಡರಿನಲ್ಲಿ ಓಮ್ ಇಳಿದರೆ ಒತ್ತಡ ಇಳಿದಂತೆ, ಟೆಂಪರೇಚರ್ ಸೆಂಡರಿನಲ್ಲಿ ಓಮ್ ಇಳಿದರೆ ಬಿಸಿ ಏರಿದಂತೆ. ಎರಡು ಮುಳ್ಳು ಎದುರುಬದುರಾಗಿ ಓಡಿದ ಗುಟ್ಟು ಇಷ್ಟೇ. ಇಂಡಿಕೇಟರಿನ ತಾಳಕ್ಕೆ ಮುಳ್ಳು ಮಿಡಿದದ್ದೂ ಇದರಿಂದಲೇ.

ಕೆಂಪು ದೀಪದ ಮೌನವೂ ಈಗ ಅರ್ಥವಾಗುತ್ತದೆ. ದೀಪದ ಕಾಂಟ್ಯಾಕ್ಟ್ ಸೆಂಡರಿನೊಳಗೇ ಇದ್ದರೂ ಅದು ಓಮ್ ನೋಡುವುದಿಲ್ಲ, ಅರ್ಧ ಬಾರ್ ಆಸುಪಾಸಿನಲ್ಲಿ ತೆರೆಯುವ, ಮುಚ್ಚುವ ಸ್ವಿಚ್ ಅಷ್ಟೇ. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಮೊದಲು ದೀಪ ಹತ್ತುತ್ತಿತ್ತು, ಅಂದರೆ ಬಲ್ಬು, ತಂತಿ ಸರಿ. ಹಾಗಿದ್ದೂ ಮೀಟರು ಅರ್ಧ ಬಾರ್‌ಗಿಂತ ಕೆಳಗೆ ತೋರಿಸುವಾಗ ದೀಪ ಹತ್ತುತ್ತಿಲ್ಲ ಎಂದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಆ ಜಗಳವನ್ನು ಮೊದಲ ದಿನವೇ ಬಿಡಿಸಬೇಕಾಗಿತ್ತು. ಹಾಗೆಂದು ದೀಪವನ್ನೇ ನೆಚ್ಚಿಕೊಂಡು ಓಡಿಸುವಂತಿಲ್ಲ. ಹೆದ್ದಾರಿಯ ವೇಗದಲ್ಲಿ ಒತ್ತಡ ಒಂದು ಬಾರ್‌ಗೆ ಕುಸಿದರೂ ದೀಪ ಸುಮ್ಮನಿರುತ್ತದೆ, ಬೇರಿಂಗ್ ಮಾತ್ರ ಅಷ್ಟರಲ್ಲಿ ಹೋಗಿರುತ್ತದೆ.

ಜಾಗ ಹುಡುಕಿದ್ದು, ಸರಿ ಮಾಡಿದ್ದು

ಈ ತಾಮ್ರದ ಪಟ್ಟಿಯನ್ನು ಹಿಂದೆ ಒಬ್ಬರು ನೋಡಿಯೂ ಇದ್ದರು. ಮಲ್ಟಿಮೀಟರಿನ ಬಜರ್ ಇಟ್ಟು, ಕೀಂ ಎಂದ ಕೂಡಲೇ ಸರಿಯಿದೆ ಎಂದಿದ್ದರು. ಬಜರ್ ಕೆಲವು ಹತ್ತು ಓಮ್ ಇದ್ದರೂ ಕೂಗುತ್ತದೆ. ಇಲ್ಲಿ ತೊಂದರೆ ಮಾಡಿದ್ದು ಸುಮಾರು 0.1 ಓಮ್: 19 ಆಂಪಿಯರ್ ಹರಿದಾಗ 1.9 ವೋಲ್ಟ್. ಸಾಮಾನ್ಯ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ 0.2–0.3 ಓಮ್ ತೋರಿಸುತ್ತದೆ. ಕಾಯಿಲೆಗಿಂತ ತಕ್ಕಡಿಯ ತಪ್ಪೇ ದೊಡ್ಡದು. ಆದ್ದರಿಂದ ಅರ್ಥಿಂಗನ್ನು ಓಮ್‌ನಲ್ಲಿ ಅಳೆಯಬಾರದು, ಲೋಡ್ ಹಾಕಿ (ಲೈಟು, ವೈಪರ್, ಬ್ಲೋವರ್ ಆನ್ ಮಾಡಿ) ವೋಲ್ಟ್‌ನಲ್ಲಿ ಅಳೆಯಬೇಕು. ಈ ಬರಹದಿಂದ ಒಂದೇ ಒಂದು ಅಭ್ಯಾಸ ಕಲಿಯುವುದಿದ್ದರೆ ಇದನ್ನು ಕಲಿಯಿರಿ ಎಂದು ಕೇಳಿಕೊಳ್ಳುತ್ತೇವೆ.

ಎಲ್ಲ ಲೋಡ್ ಆನ್ ಇಟ್ಟು ಕಪ್ಪು ಕಡ್ಡಿಯನ್ನು ಬ್ಲಾಕಿನಲ್ಲೇ ಬಿಟ್ಟು ಕೆಂಪು ಕಡ್ಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಸರಿಸಿದರು. ಪಟ್ಟಿಯ ಇಂಜಿನ್ ಕಡೆಯ ಲಗ್ಗಿನಲ್ಲಿ (ಬೋಲ್ಟ್ ಕೂರುವ ತುದಿಯ ಲೋಹದ ಬಳೆ) 0.02. ಷಾಸಿ ಕಡೆಯ ಲಗ್ಗಿನಲ್ಲಿ 0.07. ಲಗ್ಗಿನ ಪಕ್ಕದಲ್ಲೇ ಷಾಸಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದು ಬರಿ ಲೋಹಕ್ಕೆ ತಾಗಿಸಿದಾಗ 1.8. ಒಂದು ಬೆರಳಗಲದ ಅಂತರದಲ್ಲಿ ಅಷ್ಟೂ ವೋಲ್ಟು ಬಿದ್ದುಹೋಗುತ್ತಿತ್ತು. ಹತ್ತು ನಿಮಿಷ ಲೈಟ್ ಉರಿದ ಮೇಲೆ ಆ ಲಗ್ಗು ಕೈಗೆ ಬಿಸಿಯಾಗಿಯೂ ಇತ್ತು.

ಬೋಲ್ಟ್ ಬಿಚ್ಚಿದಾಗ ಕಾರಣ ಸಿಕ್ಕಿತು. ಎರಡು ವರ್ಷದ ಹಿಂದೆ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಮುಂಚೆ ಷಾಸಿಗೆ ತುಕ್ಕು ತಡೆಯುವ ಕಪ್ಪು ಬಣ್ಣ ಬಳಿಸಲಾಗಿತ್ತು. ಇಂಜಿನ್ ಮೌಂಟಿಂಗ್ ರಬ್ಬರ್ ಬದಲಿಸಲು ಪಟ್ಟಿಯನ್ನು ಬಿಚ್ಚಿದ್ದವರು ವಾಪಸು ಹಾಕುವಾಗ ಆ ಬಣ್ಣದ ಮೇಲೇ ಲಗ್ಗು ಇಟ್ಟು ಬಿಗಿ ಮಾಡಿದ್ದರು. ಬೋಲ್ಟಿನ ಥ್ರೆಡ್ ಮೂಲಕ ಹೇಗೋ ಕರೆಂಟು ಹರಿಯುತ್ತಿತ್ತು. ಎರಡು ಮಳೆಗಾಲ ಕಳೆದು ಥ್ರೆಡ್ ತುಕ್ಕು ಹಿಡಿದಂತೆ ಆ ದಾರಿಯೂ ಕಿರಿದಾಯಿತು. ಹೆಡ್‌ಲೈಟ್ ಮಂಕಾಗಿದೆ ಎಂದು ಮಾಲೀಕರು ನಡುವೆ ಬಲ್ಬ್ ಬದಲಿಸಿದ್ದರು, ಅದೂ ಇದೇ ಕಾರಣಕ್ಕೆ.

ಇಲ್ಲಿ ಒಂದು ಅಡ್ಡದಾರಿ ಇತ್ತು: ಮೀಟರಿನ ಅರ್ಥಿಂಗ್ ಸ್ಕ್ರೂನಿಂದ ನೇರವಾಗಿ ಬ್ಲಾಕಿಗೆ ಒಂದು ತಂತಿ ಎಳೆದರೆ ಮುಳ್ಳು ತಕ್ಷಣ ಸರಿಹೋಗುತ್ತಿತ್ತು. ಅದನ್ನು ಮಾಡದಿರಲು ನಿರ್ಧರಿಸಿದ್ದು ಸರಿ. ಮುಳ್ಳು ಸುಮ್ಮನಾಗುತ್ತಿತ್ತು, ಆದರೆ ಲೈಟಿನ ಕರೆಂಟು ಆ ತೆಳು ತಂತಿಯನ್ನೇ ವಾಪಸು ದಾರಿಯಾಗಿ ಮಾಡಿಕೊಂಡು ಅದನ್ನು ಕಾಯಿಸುತ್ತಿತ್ತು, ಕೆಟ್ಟ ಜಾಯಿಂಟು ಹಾಗೇ ಉಳಿಯುತ್ತಿತ್ತು.

ಮಾಡಿದ ಕೆಲಸ ಹೀಗಿದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಷಾಸಿಯ ಮೇಲೆ ಲಗ್ಗು ಕೂರುವಷ್ಟು ಜಾಗವನ್ನು ಎಮೆರಿ ಕಾಗದದಿಂದ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದರು. ಬ್ಲಾಕಿನ ಕಡೆಯೂ ಅದೇ. ಹಸಿರು ಹಿಡಿದಿದ್ದ ಹಳೆಯ ಪಟ್ಟಿಯ ಬದಲು 25 ಚದರ ಮಿ.ಮೀ.ನ ಹೊಸ ಹೆಣೆದ ಪಟ್ಟಿ, ಹೊಸ ಬೋಲ್ಟ್, ಹಲ್ಲಿನ ವಾಷರ್. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಬಳಿದರು. ಬಣ್ಣವಾಗಲಿ ಗ್ರೀಸಾಗಲಿ ಜಾಯಿಂಟ್ ಬಿಗಿಯಾದ ನಂತರವೇ ಬರಬೇಕು. ಸೆಂಡರಿನ ಟೆಫ್ಲಾನ್ ಕಿತ್ತು, ತಾಮ್ರದ ವಾಷರ್ ಹಾಕಿ ಕೂರಿಸಿದರು. ಪಟ್ಟಿ, ಬೋಲ್ಟು, ವಾಷರ್ ಸೇರಿ ಕೆಲವೇ ನೂರು ರೂಪಾಯಿ.

ಮತ್ತೆ ಅಳೆದಾಗ ಎಲ್ಲ ಲೋಡ್ ಆನ್ ಇದ್ದು ಬ್ರೇಕ್ ಒತ್ತಿದಾಗ 0.05 ವೋಲ್ಟ್. ಮೆಕ್ಯಾನಿಕಲ್ ಗೇಜ್ 1.2, ಡ್ಯಾಷ್‌ಬೋರ್ಡ್ 1.2. ಲೈಟ್ ಹಾಕಿದರೂ ಆರಿಸಿದರೂ ಅಷ್ಟೇ. ಟೆಂಪರೇಚರ್ ಮುಳ್ಳು ನಡುವೆ ನಿಂತಿತು. ಮುಂದಿನ ಆಯಿಲ್ ಬದಲಾವಣೆಗೆ ಮತ್ತೆ 15ಡಬ್ಲ್ಯೂ-40ಕ್ಕೆ ಮರಳಿದರು. ಬಿಸಿ ಐಡಲ್ 1.1ಕ್ಕೆ ಬಂತು, ಅಲ್ಲೇ ಇದೆ.

ಬೇರೆ ಗಾಡಿಗೆ ಇದನ್ನು ಹಾಕುವಾಗ

ಇಲ್ಲಿಯ ಅಂಕಿಗಳನ್ನು ಹಾಗೇ ಎತ್ತಿ ಬೇರೆ ಗಾಡಿಗೆ ಅನ್ವಯಿಸಬಾರದು. ಅಮೆರಿಕದ ಮಾದರಿಯ ಸೆಂಡರುಗಳು ತಿರುವುಮುರುವು: ಸೊನ್ನೆ ಒತ್ತಡಕ್ಕೆ ಸುಮಾರು 240 ಓಮ್, ಪೂರ್ತಿಗೆ ಸುಮಾರು 33. ಅಂಥ ಗಾಡಿಯಲ್ಲಿ ಸೆಂಡರಿನ ತಂತಿ ಬಿಚ್ಚಿದರೆ ಮುಳ್ಳು ಸೊನ್ನೆಗೆ ಬೀಳುತ್ತದೆ, ತಂತಿಯನ್ನು ಬ್ಲಾಕಿಗೆ ತಾಗಿಸಿದರೆ ಪೂರ್ತಿ ಏರುತ್ತದೆ. ಈ ಜೀಪಿನದ್ದರಲ್ಲಿ ಬಿಚ್ಚಿದರೆ ಪೂರ್ತಿ, ತಾಗಿಸಿದರೆ ಸೊನ್ನೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಒಂದೆರಡು ಸೆಕೆಂಡು ಮಾತ್ರ ತಾಗಿಸಿ ನೋಡಿದರೆ ನಿಮ್ಮದು ಯಾವ ಜಾತಿ ಎಂದೂ ತಿಳಿಯುತ್ತದೆ, ಮೀಟರು ಮತ್ತು ತಂತಿ ಬದುಕಿವೆಯೇ ಎಂದೂ ತಿಳಿಯುತ್ತದೆ.

ಈ ತಿರುವುಮುರುವಿನಲ್ಲಿ ಒಂದು ಅಪಾಯ ಅಡಗಿದೆ. ಎರಡು ಕಾಯಿಲಿನ ಅಮೆರಿಕ ಮಾದರಿಯ ಮೀಟರಿನಲ್ಲಿ ಇದೇ ಪಟ್ಟಿ ಇದೇ ರೀತಿ ಕೆಟ್ಟರೆ, ಲೈಟ್ ಹಾಕಿದಾಗ ಮುಳ್ಳು ಇಳಿಯುವ ಬದಲು ಏರುತ್ತದೆ. ನಿಜವಾಗಿ ಒತ್ತಡ ಕುಸಿಯುತ್ತಿದ್ದರೂ ಮೀಟರು ಚೆನ್ನಾಗಿದೆ ಎನ್ನುತ್ತದೆ. ಅಂಥ ದೂರು ಹೊತ್ತು ಯಾರೂ ಗ್ಯಾರೇಜಿಗೆ ಬರುವುದಿಲ್ಲ.

ಮೆಕ್ಯಾನಿಕಲ್ ಗೇಜ್ ಕೂಡ ಕಡಿಮೆ ತೋರಿಸಿದರೆ ಮಾತ್ರ ಇಂಜಿನ್ ಕಡೆ ತಿರುಗಬೇಕು, ಆಗಲೂ ನೇರವಾಗಿ ಬೇರಿಂಗಿಗಲ್ಲ. ಐಡಲ್‌ನಲ್ಲಿ ಸರಿಯಿದ್ದು ಆರ್‌ಪಿಎಂ ಏರಿಸಿದಾಗ ಇಳಿದರೆ ಸಂಪಿನೊಳಗಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಜಾಲರಿ ಗಸಿಯಿಂದ ಕಟ್ಟಿಕೊಂಡಿರಬಹುದು. ತಣ್ಣಗಿದ್ದರೂ ಬಿಸಿಯಿದ್ದರೂ, ಯಾವ ಆರ್‌ಪಿಎಂನಲ್ಲೂ ಏರದಿದ್ದರೆ ಹೆಚ್ಚಾದ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ತೆರೆದು ಸಿಕ್ಕಿಕೊಂಡಿದೆಯೇ ನೋಡಬೇಕು. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದಂತೆ ಐಡಲ್‌ನಲ್ಲಿ ಬಿದ್ದು, ದೀಪವೂ ಮಿನುಗಿ, ಎಳೆಯುವಾಗ ಕೆಳಗಿನಿಂದ ದಪ್ಪ ಬಡಿತ ಕೇಳಿಸಿದರೆ ಆಗ ಅದು ಬೇರಿಂಗು. ಅಂಥ ಗಾಡಿಯನ್ನು ಒಂದು ಕಿಲೋಮೀಟರ್ ಕೂಡ ಓಡಿಸದೆ ಎಳೆಸಿಕೊಂಡು ಹೋಗಬೇಕು.

ಈ ಜೀಪಿನ ಬಾನೆಟ್ ಒಳಬದಿಗೆ ಈಗ ಒಂದು ಚೀಟಿ ಅಂಟಿಸಿದೆ. ಬಿಸಿ ಐಡಲ್ 1.1, 2000ಕ್ಕೆ 3.0, ಸೆಂಡರ್ 5 ಬಾರ್, ಟೇಪ್ ಬೇಡ, ಬ್ಲಾಕಿನಿಂದ ಡ್ಯಾಷ್‌ಬೋರ್ಡಿಗೆ ಎಲ್ಲ ಲೈಟ್ ಹಾಕಿದಾಗ 0.05 ವೋಲ್ಟ್. ಮುಂದಿನ ಮಳೆಗಾಲಕ್ಕೆ ಮುಂಚೆ ಮತ್ತೆ ಅಳೆದು ಪಕ್ಕದಲ್ಲಿ ಬರೆಯಲು ಜಾಗ ಬಿಟ್ಟಿದ್ದಾರೆ.